ವಿಶೇಷವಿಲ್ಲ

ತಿರುಮಣಿಯಾಚೆ ಸೋಲಾರಿನ ಏಳನೇ ಬ್ಲಾಕು, ಕಾವಲು ನನ್ನದು.
ರಾತ್ರಿ ಹತ್ತರಿಂದ ಬೆಳಗಿನ ಆರು.
ಕಾಯುವುದಾದರೂ ಏನನ್ನು? ಗಾಜು.
ಪಾವಗಡದ ಕಡೆಗೆ ಕಣ್ಣು ಮುಟ್ಟುವ ತನಕ ಹಾಸಿದ ಕಪ್ಪು ಗಾಜು,
ಹಗಲೆಲ್ಲ ಬಿಸಿಲುಂಡು ಇರುಳು ಬರಿಗೈಲಿ ಮಲಗುವಂಥದ್ದು.
ಮರಳುಗಾಡು ಅಂತ ನಕ್ಷೆಯಲ್ಲಿ ಬರೆದಿಲ್ಲ ನಮ್ಮನ್ನು,
ನಾವೂ ಯಾರಿಗೂ ಹೇಳಿಲ್ಲ.

ನಿದ್ದೆ ಬಾರದಿರಲೆಂದು ಒಂದು ಪ್ರಾಣಿ ಮಾಡಿದೆ.

ಮಾಂಸ ತಿನ್ನುವಂಥದ್ದು ಬೇಡ ಅಂದುಕೊಂಡೆ.
ಹುಲ್ಲು ತಿನ್ನಲಿ. ಎಲ್ಲಿದೆ ಹುಲ್ಲು?
ಗಾಜು ತೊಳೆದ ನೀರು ಹನಿಯುವ ಅಂಚಿಗೆ
ಗೇಣಗಲ ಹಸಿರು, ಸಾಲಿಗೊಂದು ಗೆರೆ ಎಳೆದ ಹಾಗೆ.
ಅಷ್ಟು ಸಾಕು ಒಂದು ಜೀವ ಶುರುವಾಗುವುದಕ್ಕೆ.

ಮೊದಲ ರಾತ್ರಿ ಕುತ್ತಿಗೆ ಉದ್ದ ಮಾಡಿದೆ. ತಪ್ಪು.
ಕಂಬಿಗೆ ತಾಗಿ ಮುರಿಯಿತು, ಪಾಪ.
ಎರಡನೇ ರಾತ್ರಿ ಕುತ್ತಿಗೆ ಮೊಟಕಿಸಿ ಬೆನ್ನು ಚಪ್ಪಟೆ ಮಾಡಿದೆ,
ಕಾಲು ಮೊಲದ್ದಕ್ಕಿಂತ ಒಂದು ಬೆರಳು ಉದ್ದ.
ಪುಸ್ತಕದ ಲೆಕ್ಕಕ್ಕೆ ಇದಕ್ಕೆಲ್ಲ ಲಕ್ಷ ವರ್ಷ ಬೇಕಂತೆ,
ನಡುವೆ ಎಷ್ಟೋ ಸಾವಿರ ಸಾಯಬೇಕಂತೆ.
ನನ್ನ ಕೈಯಲ್ಲಿ ಸತ್ತದ್ದು ಒಂದೇ.
ನಾನೇನು ಅಷ್ಟು ಕೆಟ್ಟ ಪ್ರಕೃತಿಯಲ್ಲ.

ಕಿವಿ ದೊಡ್ಡದಿಟ್ಟೆ, ಮುತ್ತುಗದ ಎಲೆಯಷ್ಟು.
ಕೇಳುವುದಕ್ಕಲ್ಲ, ಕಾವು ಬಿಡುವುದಕ್ಕೆ.
ರಕ್ತ ಅಲ್ಲಿಗೆ ಹೋಗಿ, ಜಗಲಿಗೆ ಬಂದು ಕೂತ ಮುದುಕನ ಹಾಗೆ
ಒಂದಿಷ್ಟು ತಣ್ಣಗಾಗಿ ಒಳಗೆ ಬರುತ್ತದೆ.
ಅಂಗಾಲಿಗೆ ಎಕ್ಕಡದ ತೊಗಲು, ನೆಗ್ಗಿಲು ಚುಚ್ಚಿದರೂ ಗೊತ್ತಾಗಬಾರದು.
ಉಚ್ಚೆ ವಾರಕ್ಕೆರಡು ಸಲ, ಅದೂ ಬೆಲ್ಲದ ಪಾಕದಷ್ಟು ಗಟ್ಟಿ.
ನಾಲಿಗೆ ಮಾತ್ರ ಉದ್ದ, ಹಸುವಿನದಕ್ಕಿಂತ ಒರಟು:
ನಸುಕಿಗೆ ಗಾಜಿನ ಮೇಲೆ ಕೂರುವ ಇಬ್ಬನಿಯನ್ನು
ಕೆಳಗಿನಿಂದ ಮೇಲಕ್ಕೆ ನೆಕ್ಕಬೇಕು,
ಇರುವೆಗೂ ಒಂದು ಹನಿ ಬಿಡದ ಹಾಗೆ.

ಐದನೇ ರಾತ್ರಿ ಹಲ್ಲಿಗೆ ಬಂದೆ. ಬಹಳ ಹೊತ್ತು ಸುಮ್ಮನೆ ಕೂತೆ.
ನಮ್ಮ ಕಡೆ ಬೋರಿನ ನೀರು ಕುಡಿದವರ ಹಲ್ಲು ನೀವು ನೋಡಿರಲಿಕ್ಕಿಲ್ಲ,
ನಗುವಾಗ ನಾವು ಕೈ ಅಡ್ಡ ಹಿಡಿಯುತ್ತೇವೆ.
ಹಲ್ಲು ಹಾಳಾಗಿಹೋಗಲಿ. ಮಂಡಿ, ಬೆನ್ನು.
ಚಿಕ್ಕಪ್ಪ ಸಣ್ಣಪಾಲಯ್ಯ ನಲವತ್ತಕ್ಕೇ
ಕುಡುಗೋಲಿನ ಹಾಗೆ ಬಾಗಿದ, ಮತ್ತೆ ನೆಟ್ಟಗಾಗಲಿಲ್ಲ.
ಆ ನೀರಿನ ವಿಷವನ್ನು ನನ್ನ ಪ್ರಾಣಿ
ಮೂಳೆಗೆ ಸೇರಿಸುವುದಿಲ್ಲ. ಕೊಂಬಿಗೆ ಕಳಿಸುತ್ತದೆ.
ವರ್ಷಕ್ಕೊಂದು ಸಲ, ಬೇಸಿಗೆ ಮುಗಿಯುವಾಗ
ಕಂಬಕ್ಕೆ ಉಜ್ಜಿ ಉಜ್ಜಿ ಕೊಂಬು ಉದುರಿಸಿ
ಹಗುರಾಗಿ ನಡೆದುಬಿಡುತ್ತದೆ.
ಇಷ್ಟೇ ಬೇಕಿತ್ತು ನಮಗೂ. ಒಂದು ಜೊತೆ ಕೊಂಬು.

ಬೆಳಿಗ್ಗೆ ಗಾಜು ತೊಳೆಯಲು ಬಂದ ಮಾರಕ್ಕನಿಗೆ ಹೇಳಿದೆ.
ಬಕೀಟು ಇಳಿಸಿ ಪೂರ್ತಿ ಕೇಳಿದಳು.
"ಬಣ್ಣ?"
ನಿನ್ನ ಕಾಲಿನ ಧೂಳಿನದ್ದೇ.
"ಹಗಲು ಎಲ್ಲಿರ್ತದೆ?"
ಗಾಜಿನ ನೆರಳಲ್ಲಿ. ನೆರಳು ಸರಿದಂಗೆ ಸರೀತದೆ, ನಿದ್ದೇಲೇ.
"ಎಷ್ಟವೆ?"
ಒಂದು.
ಕೋಲಿಗೆ ಬಟ್ಟೆ ಸುತ್ತುತ್ತ ನಕ್ಕಳು, ಕೈ ಅಡ್ಡ ಹಿಡಿಯದೆ:
"ಒಂದೇ ಇದ್ರೆ ಅದರ ಕುಲ ಹೆಂಗೆ ಮುಂದುವರೀತದೆ?
ಕಿವಿ ಮಾಡ್ದೆ, ಕೊಂಬು ಮಾಡ್ದೆ, ಕೆಚ್ಚಲೆಲ್ಲಿ ಮಾಡ್ದೆ?"

ಹಾಗಾಗಿ ಆರನೇ ರಾತ್ರಿ ಕೆಚ್ಚಲು,
ಧೂಳು ತಾಗದಂತೆ ತೊಡೆಯ ಸಂದಿಗೆ.
ಮರಿ ಹಾಕುವುದು ಹಸ್ತದ ಮಳೆಗೆ.
ಹಸ್ತ ಕೈಕೊಟ್ಟರೆ ಮರಿಯನ್ನು ಹೊಟ್ಟೆಯಲ್ಲೇ ನಿಲ್ಲಿಸಿಕೊಂಡು
ಚಿತ್ತೆಗೆ ಕಾಯುತ್ತದೆ,
ಚಿತ್ತೆಯೂ ತಪ್ಪಿದರೆ ಸ್ವಾತಿಗೆ,
"ಇರು, ಇನ್ನೂ ನೆಲ ಹದವಾಗಿಲ್ಲ" ಎಂದು
ಒಳಗೊಳಗೇ ಅದಕ್ಕೆ ಹೇಳುತ್ತ.

ಇನ್ನೊಂದೇ ಬಾಕಿ.
ಕಂಟ್ರೋಲ್ ರೂಮಿನ ಕ್ಯಾಮೆರಾ ಕಣ್ಣಿಗೆ ಬಿದ್ದರೆ
ಬೆಳಗಾಗುವುದರೊಳಗೆ ಜೀಪು, ಬಲೆ, ಫೋಟೋ, ಹೆಸರಿನ ಹಲಗೆ.
ಅದನ್ನು ತಪ್ಪಿಸುವ ಅಂಗವನ್ನು ಅದರ ಮೈಯಲ್ಲಿ
ಎಲ್ಲಿಡಬೇಕೋ ತಿಳಿಯದೆ
ನನ್ನ ಬಲಗೈಯಲ್ಲಿ ಇಟ್ಟುಕೊಂಡಿದ್ದೇನೆ.

ಟಾರ್ಚು ಕಂಕುಳಲ್ಲಿ ಅವುಚಿ, ರಿಜಿಸ್ಟರು ತೆರೆದು,
ಹೆಬ್ಬೆರಳಿಂದ ಧೂಳು ಒರೆಸಿ ಬರೆಯುತ್ತೇನೆ:
ಏಳನೇ ಬ್ಲಾಕು. ಮೂರು ಹತ್ತು.
ವಿಶೇಷವಿಲ್ಲ.
ಸಹಿ, ಓಬಳಪತಿ.